ಕೊಪ್ಪಳದ ಹುಡುಗಿ ಯುವಿಸಿಇ ಸೇರುವ ದಾರಿ

ಪ್ರಶ್ನೆ: ಮೇಡಂ, ನಾನು ಕೊಪ್ಪಳದ ಸರ್ಕಾರಿ ಪಿಯು ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ನಮ್ಮೂರು ಇದೇ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ ನಾಲ್ಕು ಎಕರೆ ಒಣಭೂಮಿ ಇದೆ. ಅವ್ವ ನಮ್ಮ ಹೊಲದ ಕೆಲಸ ಮುಗಿಸಿ ಬೇರೆಯವರ ಹೊಲಕ್ಕೆ ಕೂಲಿಗೂ ಹೋಗುತ್ತಾಳೆ. ಏಳನೇ ತರಗತಿಯವರೆಗೆ ಊರಲ್ಲೇ ಓದಿದೆ. ಊರಲ್ಲಿ ಹೈಸ್ಕೂಲ್ ಇಲ್ಲ, ಹಾಗಾಗಿ ಎಂಟರಿಂದ ಹತ್ತರವರೆಗೆ ಕೊಪ್ಪಳದ ಸರ್ಕಾರಿ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದೆ. ಹತ್ತನೆಯವರೆಗೂ ಕನ್ನಡ ಮಾಧ್ಯಮ. ನಮ್ಮದು ಪ್ರವರ್ಗ 2ಎ.

ಬೆಂಗಳೂರಿನ ಯುವಿಸಿಇಯಲ್ಲಿ ಇಂಜಿನಿಯರಿಂಗ್ ಓದಬೇಕೆಂಬುದು ನನ್ನ ಆಸೆ. ಆದರೆ ಪರಿಚಯದವರೊಬ್ಬರು ಮನೆಗೆ ಬಂದು, ಹಳ್ಳಿ ಮಕ್ಕಳಿಗೆ ಅಲ್ಲಿ ಹಾಗೇ ಸೀಟು ಸಿಗುವುದಿಲ್ಲ, ಮುಂಗಡ ಕೊಟ್ಟರೆ ಎಲ್ಲ ತಾವೇ ಮಾಡಿಸಿಕೊಡುತ್ತೇವೆ ಎಂದಿದ್ದಾರೆ. ಗ್ರಾಮೀಣ ಕೋಟಾದ ಸರ್ಟಿಫಿಕೇಟನ್ನೂ ಊರಿನ ಶಾಲೆಯಿಂದ ಹತ್ತು ವರ್ಷಕ್ಕೂ ಸೇರಿಸಿ ಬರೆಸಿಕೊಡುತ್ತಾರಂತೆ. ಅಪ್ಪ ಸಾಲ ಮಾಡಲು ಹೊರಟಿದ್ದಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಜೊತೆ ಮನೆತನದ ಹೆಸರು ಇದೆ, ಜಾತಿ ಪ್ರಮಾಣಪತ್ರದಲ್ಲಿ ಇಲ್ಲ. ಕೋಚಿಂಗ್‌ಗೆ ಹೋಗಲು ನಮ್ಮಲ್ಲಿ ಹಣವಿಲ್ಲ. ಬೆಂಗಳೂರಿಗೆ ಕಳಿಸಲು ಅವ್ವ ಒಲ್ಲೆ ಅನ್ನುತ್ತಾಳೆ, ಹತ್ತಿರದ ತಳಕಲ್ ಇಂಜಿನಿಯರಿಂಗ್ ಕಾಲೇಜೇ ಸಾಕು ಅನ್ನುತ್ತಾಳೆ. ಖಾಸಗಿ ಕಾಲೇಜಿನ ಗೆಳತಿಯರು, ‘ನಿನಗೇನು, ಕೋಟಾ ಇದೆಯಲ್ಲ’ ಅನ್ನುತ್ತಾರೆ. ಅದನ್ನು ಕೇಳಿದರೆ ಅರ್ಜಿ ಹಾಕುವುದೇ ಬೇಡ ಅನ್ನಿಸುತ್ತದೆ. ನಾನು ಏನು ಮಾಡಲಿ?

ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ತಂಗೀ, ಮೊದಲು ಅಪ್ಪನನ್ನು ತಡೆ. ಆ ಮುಂಗಡದ ಹಣ ಮನೆಯಿಂದ ಆಚೆ ಹೋಗಬಾರದು. ಮಿಕ್ಕ ವಿಷಯವನ್ನು ಆಮೇಲೆ ಸಾವಧಾನವಾಗಿ ಮಾತಾಡೋಣ.

ಮನೆಗೆ ಬಂದ ಆ ಮನುಷ್ಯ ಮಾರುತ್ತೇನೆ ಎನ್ನುತ್ತಿರುವ ಸೀಟು ಅವನ ಕೈಯಲ್ಲಿಲ್ಲ. ಯುವಿಸಿಇ ಅಂದರೆ ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಇಂಜಿನಿಯರಿಂಗ್. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ 1917ರಲ್ಲಿ ಶುರುವಾದದ್ದು. ಮೊದಲು ಮೈಸೂರು ವಿಶ್ವವಿದ್ಯಾಲಯದ ಜೊತೆಗಿತ್ತು, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿತು, 2021ರ ಕಾಯ್ದೆಯಿಂದ ತಾನೇ ಒಂದು ಸರ್ಕಾರಿ ವಿಶ್ವವಿದ್ಯಾಲಯವಾಯಿತು. ಅಲ್ಲಿನ ಸೀಟುಗಳನ್ನು ಸಿಇಟಿ ರ‍್ಯಾಂಕ್ ನೋಡಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಹಂಚುತ್ತದೆ. ನಡುವೆ ಯಾರಿಗೂ ಜಾಗವಿಲ್ಲ. ಈ ಪದ್ಧತಿ ಬಂದದ್ದೇ ನಿನ್ನಂಥವರಿಗಾಗಿ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಷನ್ ಹಾವಳಿಯ ವಿರುದ್ಧ ತೀರ್ಪು ಕೊಟ್ಟಿತು, ಅದರ ಮರುವರ್ಷ, 1994ರಲ್ಲಿ, ಕರ್ನಾಟಕದಲ್ಲಿ ಸಿಇಟಿ ಶುರುವಾಯಿತು. ಅದಕ್ಕೆ ಮುಂಚೆ ವೃತ್ತಿಶಿಕ್ಷಣದ ಸೀಟು ಎಂದರೆ ಹಣವಂತರ ಮನೆಯ ಮಾತು. ಇವತ್ತು ಕೊಪ್ಪಳ ತಾಲ್ಲೂಕಿನ ಹಳ್ಳಿಯ ಹುಡುಗಿಯೂ ಬೆಂಗಳೂರಿನ ಡಾಕ್ಟರ ಮಗನೂ ಒಂದೇ ಪ್ರಶ್ನೆಪತ್ರಿಕೆ ಬರೆದು ಒಂದೇ ಪಟ್ಟಿಯಲ್ಲಿ ನಿಲ್ಲುತ್ತಾರೆ. ಈ ಬಾಗಿಲು ತೆರೆಯಲು ನಿನ್ನ ಅಪ್ಪ ಯಾರ ಕೈಗೂ ಹಣ ಕೊಡಬೇಕಿಲ್ಲ.

ಅರ್ಹತೆಯ ವಿಚಾರದಲ್ಲಿ ನಿನಗೆ ಆತಂಕ ಬೇಡ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸೇರಿ ಶೇ 45 ಅಂಕ ಬೇಕು, ನಿನ್ನಂತೆ ಮೀಸಲು ಪ್ರವರ್ಗದವರಿಗೆ ಶೇ 40 ಸಾಕು. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಓದಿನಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿಯನ್ನೋ ಪಿಯುಸಿಯನ್ನೋ ಇಲ್ಲೇ ಪಾಸು ಮಾಡಿರಬೇಕು. ನೀನು ಹನ್ನೆರಡೂ ವರ್ಷ ಇಲ್ಲೇ ಓದಿದವಳು.

ಕೋಚಿಂಗ್ ಇಲ್ಲ ಎಂದು ಕುಗ್ಗಿದ್ದೀಯ. ಇಂಜಿನಿಯರಿಂಗ್ ರ‍್ಯಾಂಕಿನ ಲೆಕ್ಕವನ್ನು ಸರಿಯಾಗಿ ತಿಳಿದುಕೊಂಡರೆ ಆ ಭಯ ಅರ್ಧ ಇಳಿಯುತ್ತದೆ. ಪಿಯುಸಿ ಬೋರ್ಡ್ ಪರೀಕ್ಷೆಯಲ್ಲಿ ಆ ಮೂರು ವಿಷಯಗಳ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಇನ್ನರ್ಧ. ಅಂದರೆ ನಿಮ್ಮ ಕಾಲೇಜಿನ ಪಾಠ, ಲ್ಯಾಬು, ಮನೆಯಲ್ಲಿ ಕೂತು ಬಿಡಿಸಿದ ಲೆಕ್ಕ ಎಲ್ಲವೂ ನೇರವಾಗಿ ರ‍್ಯಾಂಕಿಗೆ ಸೇರುತ್ತವೆ. ಪಟ್ಟಣದ ಎಷ್ಟೋ ಮಕ್ಕಳು ಕೋಚಿಂಗ್ ಹಿಂದೆ ಓಡಿ ಬೋರ್ಡ್ ಪರೀಕ್ಷೆಯನ್ನು ಕೈಬಿಡುತ್ತಾರೆ, ಆಮೇಲೆ ಅಲ್ಲಿ ಕಳೆದುಕೊಂಡ ಅಂಕವನ್ನು ಸಿಇಟಿಯಲ್ಲಿ ಹುಡುಕುತ್ತಾರೆ. ನೀನು ಆ ತಪ್ಪು ಮಾಡಬೇಡ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಹಳೆಯ ಪ್ರಶ್ನೆಪತ್ರಿಕೆಗಳೂ ಸರಿಯುತ್ತರಗಳೂ ಕೆಇಎ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಕಾಲೇಜಿನ ಕಂಪ್ಯೂಟರಿನಲ್ಲಿ ಒಮ್ಮೆ ಇಳಿಸಿಕೊಂಡು ಪ್ರಿಂಟ್ ತೆಗೆಸು. ಗಡಿಯಾರ ಎದುರಿಗಿಟ್ಟುಕೊಂಡು ಬಿಡಿಸು, ತಪ್ಪಾದದ್ದನ್ನು ನಿಮ್ಮ ಮೇಷ್ಟ್ರಿಗೆ ತೋರಿಸು. ಪಾಠ ಕೇಳಲು ಬರುವ ಹುಡುಗಿಯನ್ನು ಓಡಿಸುವ ಮೇಷ್ಟ್ರು ಸರ್ಕಾರಿ ಕಾಲೇಜಿನಲ್ಲಿ ಅಪರೂಪ.

ನಿನ್ನ ಪತ್ರದಲ್ಲಿ ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು ಕೋಟಾದ ಮಾತು. ನಿನಗೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ, ಬಿಡಿಸಿ ಹೇಳುತ್ತೇನೆ. ಇದು ಗೊತ್ತಿಲ್ಲದೆ ನಮ್ಮ ಮಕ್ಕಳು ತಮಗೆ ಬರಬೇಕಾದದ್ದನ್ನು ಬಿಟ್ಟುಕೊಟ್ಟು, ಬರಬಾರದ್ದಕ್ಕೆ ಕೈಚಾಚಿ ಸಿಕ್ಕಿಬೀಳುತ್ತಾರೆ.

ಮೊದಲನೆಯದು ನಿನ್ನ ಪ್ರವರ್ಗ. 2ಎಗೆ ಶೇ 15ರ ಮೀಸಲಾತಿ ಇದೆ. ಅದಕ್ಕೆ ತಹಶೀಲ್ದಾರರು ಕೊಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಅದು ಫಾರಂ ಎಫ್ ನಮೂನೆಯಲ್ಲಿರಬೇಕು. ಪರಿಶಿಷ್ಟರದ್ದು ಫಾರಂ ಡಿ, ಪ್ರವರ್ಗ 1ರದ್ದು ಫಾರಂ ಇ. ಬೇರೆ ನಮೂನೆಯದು ಕೈಯಲ್ಲಿದ್ದರೆ ಅದು ಈ ಕೆಲಸಕ್ಕೆ ಬರುವುದಿಲ್ಲ.

ಎರಡನೆಯದು ಕನ್ನಡ ಮಾಧ್ಯಮ. ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರಷ್ಟು ಸೀಟು ತೆಗೆದಿಟ್ಟಿದ್ದಾರೆ. ಪಿಯುಸಿಯನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದರೂ ಇದಕ್ಕೆ ತೊಂದರೆಯಿಲ್ಲ. ಇದು ನಿನ್ನ ಪ್ರವರ್ಗದ ಒಳಗೇ ಬರುವ ಪಾಲು. ಕಟ್‌ಆಫ್ ಪಟ್ಟಿಯಲ್ಲಿ 2ಎಜಿ, 2ಎಕೆ, 2ಎಆರ್ ಎಂದು ಮೂರು ಕಂಬಸಾಲು ಕಾಣುತ್ತವಲ್ಲ, ಜಿ ಅಂದರೆ ಸಾಮಾನ್ಯ, ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. ನೀನು ನೋಡಬೇಕಾದದ್ದು 2ಎಜಿ ಮತ್ತು 2ಎಕೆ. ಹಿಂದಿನ ವರ್ಷಗಳ ಪಟ್ಟಿಯನ್ನು ಕೆಇಎ ಜಾಲತಾಣದಲ್ಲಿ ತೆಗೆದು ಯುವಿಸಿಇಯ ಸಾಲನ್ನು ನೋಡು. ನಿನ್ನ ಗುರಿ ಎಷ್ಟು ದೂರವಿದೆ ಎಂಬುದು ಯಾರನ್ನೂ ಕೇಳದೆ ಗೊತ್ತಾಗುತ್ತದೆ.

ಮೂರನೆಯದನ್ನು ನೀನು ಪತ್ರದಲ್ಲಿ ಹೇಳಿಯೇ ಇಲ್ಲ, ಬಹುಶಃ ಗಮನಕ್ಕೇ ಬಂದಿಲ್ಲ: 371ಜೆ. ಸಂವಿಧಾನಕ್ಕೆ ತಿದ್ದುಪಡಿಯಾಗಿ 2013ರಿಂದ ಜಾರಿಗೆ ಬಂದ ಈ ವಿಧಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಈಗ ಬಳ್ಳಾರಿಯಿಂದ ಬೇರೆಯಾದ ವಿಜಯನಗರ, ಈ ಏಳು ಜಿಲ್ಲೆಯವರಿಗೆ ಸಲ್ಲುತ್ತದೆ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ, ಈ ಭಾಗದ ಹೊರಗಿರುವ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಬೆಂಗಳೂರಿನ ಕಾಲೇಜಿನಲ್ಲೂ ಕೊಪ್ಪಳದವಳಿಗೆ ಪಾಲಿದೆ ಎಂಬುದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತೇ ಇಲ್ಲ. ಊರಿನ ಕಾಲೇಜಿಗೆ ಮಾತ್ರ 371ಜೆ ಎಂದುಕೊಂಡಿರುತ್ತಾರೆ. ಈ ಪಾಲಿನೊಳಗೂ ಪ್ರವರ್ಗವಾರು ಹಂಚಿಕೆ ಇರುವುದರಿಂದ ನಿನಗೆ 2ಎ ಬಲವೂ ಅಲ್ಲಿ ಉಳಿಯುತ್ತದೆ.

ಇನ್ನು ಗ್ರಾಮೀಣ ಕೋಟಾ. ಇದು ಶೇ 15. ತಂಗೀ, ನಿನಗೆ ಇದು ಸಲ್ಲುವುದಿಲ್ಲ. ಒಂದರಿಂದ ಹತ್ತು, ಹತ್ತೂ ತರಗತಿಯನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು ಎಂಬುದು ನಿಯಮ. ನೀನು ಎಂಟರಿಂದ ಕೊಪ್ಪಳ ನಗರದ ಶಾಲೆಗೆ ಹೋದವಳು. ಮನೆ ಹಳ್ಳಿಯಲ್ಲೇ ಇತ್ತು, ದಿನಾ ಬಸ್ಸಿಗೆ ಕಾದು ಹೋಗಿ ಬಂದೆ, ಊರಲ್ಲಿ ಹೈಸ್ಕೂಲ್ ಇಲ್ಲದ್ದು ನಿನ್ನ ತಪ್ಪಲ್ಲ. ಆದರೂ ಕಾನೂನು ನೋಡುವುದು ಶಾಲೆ ಇರುವ ಜಾಗವನ್ನು, ಮಗು ಮಲಗುವ ಮನೆಯನ್ನಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಹೈಸ್ಕೂಲ್ ಇಲ್ಲದ ಹಳ್ಳಿಯಿಂದ ಪಟ್ಟಣಕ್ಕೆ ನಡೆದೋ ಬಸ್ಸು ಹಿಡಿದೋ ಹೋದ ಮಗು, ಹೈಸ್ಕೂಲ್ ಇರುವ ಹಳ್ಳಿಯ ಮಗುವಿಗಿಂತ ಹೆಚ್ಚು ಕಷ್ಟ ಪಟ್ಟಿರುತ್ತದೆ. ಈ ನಿಯಮವನ್ನು ಸರ್ಕಾರ ತಿದ್ದಬೇಕು. ತಿದ್ದುವವರೆಗೆ ಅದೇ ನಿಯಮ.

ಊರಿನ ಶಾಲೆಯಿಂದ ಹತ್ತು ವರ್ಷಕ್ಕೂ ಬರೆಸಿಕೊಡುತ್ತೇನೆ ಎಂದವನ ಮಾತಿಗೆ ಮನೆಯವರು ಮರುಳಾಗದಂತೆ ನೋಡಿಕೋ. ನಿನ್ನ ಓದಿನ ವಿವರ ಶಾಲಾ ಇಲಾಖೆಯ ಎಸ್‌ಎಟಿಎಸ್ ದಾಖಲೆಯಲ್ಲಿ ವರ್ಷವಾರು ಕೂತಿದೆ. ಯಾವ ವರ್ಷ ಯಾವ ಶಾಲೆ ಎಂಬುದು ಒಂದು ಸಂಖ್ಯೆ ಒತ್ತಿದರೆ ಕಾಣುತ್ತದೆ. ಸುಳ್ಳು ಪ್ರಮಾಣಪತ್ರ ಸಿಕ್ಕಿಬಿದ್ದರೆ ಸೀಟು ರದ್ದು, ಅದರ ಮೇಲೆ ಮೊಕದ್ದಮೆ. ಎರಡನೇ ವರ್ಷದಲ್ಲೋ ಮೂರನೇ ವರ್ಷದಲ್ಲೋ ತಕರಾರು ಬಂದರೂ ಅದುವರೆಗೆ ಓದಿದ್ದೆಲ್ಲ ಹೋಗುತ್ತದೆ. ಸಹಿ ಹಾಕಿದ ಮುಖ್ಯಗುರುವಿನ ನೌಕರಿಗೂ ಕುತ್ತು. ಮೂರು ನಿಜವಾದ ಹಕ್ಕು ಕೈಯಲ್ಲಿರುವಾಗ ನಾಲ್ಕನೆಯ ಸುಳ್ಳನ್ನು ಸೇರಿಸಿ ಆ ಮೂರನ್ನೂ ಕೆಡಿಸಿಕೊಳ್ಳುವುದು ಬೇಡ.

‘ನಿನಗೇನು, ಕೋಟಾ ಇದೆಯಲ್ಲ’ ಎನ್ನುವ ಗೆಳತಿಯರಿಗೆ ಉತ್ತರ ಕೊಡುವ ಗೋಜಿಗೆ ಹೋಗಬೇಡ, ಆದರೆ ನಿನ್ನ ಮನಸ್ಸಿಗೆ ಉತ್ತರ ಸ್ಪಷ್ಟವಿರಲಿ. ನೀನೂ ಅದೇ ಪರೀಕ್ಷೆ ಬರೆಯುತ್ತೀಯ, ಸೇರಿದ ಮೇಲೆ ಅದೇ ಸೆಮಿಸ್ಟರ್ ಪರೀಕ್ಷೆಯಲ್ಲಿ ಗೆಲ್ಲುತ್ತೀಯ. ಸೀಟು ಹಂಚುವಾಗ ಮೊದಲು ಸಾಮಾನ್ಯ ಅರ್ಹತೆಯಲ್ಲಿ ಸಿಗುತ್ತದೆಯೇ ಎಂದೇ ನೋಡುತ್ತಾರೆ, ಅಲ್ಲಿ ಸಿಗದಿದ್ದರೆ ಪ್ರವರ್ಗ. ನಿನ್ನ ಅವ್ವ ಕೂಲಿಯಿಂದ ಬಂದು ಒಲೆ ಹಚ್ಚುವ ಹೊತ್ತಿಗೆ ಆ ಗೆಳತಿ ಟ್ಯೂಷನ್ನಿನಲ್ಲಿ ಕೂತಿರುತ್ತಾಳೆ. ಆ ಅಂತರವನ್ನು ಸ್ವಲ್ಪವಾದರೂ ಸರಿದೂಗಿಸಲು ಈ ನಾಡು ಒಪ್ಪಿಕೊಂಡ ಏರ್ಪಾಟು ಇದು. ದೇವರಾಜ ಅರಸರ ಕಾಲದಲ್ಲಿ ಹಾವನೂರು ಆಯೋಗದ ವರದಿ ಬಂದಾಗಿನಿಂದ ಈ ಹಕ್ಕಿಗಾಗಿ ಎಷ್ಟು ಜನ ದುಡಿದಿದ್ದಾರೆ ಎಂಬುದನ್ನು ಪುರಸೊತ್ತಿನಲ್ಲಿ ಓದು. ನಾಚಿಕೆಯಿಂದ ಅರ್ಜಿಯನ್ನೇ ಹಾಕದೆ ಬಿಟ್ಟರೆ ಆ ದುಡಿಮೆಯ ಫಲ ನಿನ್ನ ಮನೆಯನ್ನು ತಲುಪುವುದೇ ಇಲ್ಲ.

ಈಗ ಕಾಗದಪತ್ರ. ಸೀಟು ತಪ್ಪಿ ಅಳುತ್ತಾ ಬರುವ ಮಕ್ಕಳನ್ನು ಪಿಯು ಕಾಲೇಜಿನಲ್ಲಿ ಪಾಠ ಹೇಳಿದ ವರ್ಷಗಳಲ್ಲಿ ನಾನು ನೋಡಿದ್ದೇನೆ. ಅವರಲ್ಲಿ ಹಲವರಿಗೆ ರ‍್ಯಾಂಕ್ ಸಾಲದೆ ಹೋಗಿರಲಿಲ್ಲ. ಅರ್ಜಿ ತುಂಬುವಾಗ ಕನ್ನಡ ಮಾಧ್ಯಮ ಎಂದು ಗುರುತು ಹಾಕದೆ ಬಿಟ್ಟವರು, ಆದಾಯ ಪ್ರಮಾಣಪತ್ರದ ಅವಧಿ ಮುಗಿದದ್ದು ಗೊತ್ತಿಲ್ಲದವರು, 371ಜೆ ಪ್ರಮಾಣಪತ್ರಕ್ಕೆ ಉಪವಿಭಾಗಾಧಿಕಾರಿಯ ಸಹಿ ಬರುವಷ್ಟರಲ್ಲಿ ದಿನ ಮೀರಿದವರು ಅವರು. ಅರ್ಜಿಯಲ್ಲಿ ಕೇಳದೇ ಹೋದ ಮೀಸಲಾತಿಯನ್ನು ಆಮೇಲೆ ಸೇರಿಸಿಕೊಡುತ್ತಾರೆ ಎಂದು ನಂಬಿ ಕೂರುವುದು ಅಪಾಯ. ಹಾಗಾಗಿ ಸಿಇಟಿ ಪ್ರಕಟಣೆ ಬರುವ ಮೊದಲೇ ಕಾಗದ ಜೋಡಿಸಿಕೋ.

371ಜೆ ಪ್ರಮಾಣಪತ್ರದಿಂದ ಶುರು ಮಾಡು, ಹೆಚ್ಚು ದಿನ ಹಿಡಿಯುವುದು ಅದೇ. ನಿಮ್ಮ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರ ಪರಿಶೀಲನೆ ಮುಗಿದು ಅದು ಕೊಪ್ಪಳದ ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಅವರ ಸಹಿಗೆ ಹೋಗುತ್ತದೆ. ನಿನ್ನ ಅಪ್ಪ ಅವ್ವ ಇಲ್ಲೇ ಹುಟ್ಟಿ ಬೆಳೆದವರಾದ್ದರಿಂದ ಅರ್ಹತೆಯಲ್ಲಿ ತಕರಾರು ಬರಬಾರದು. ಆದರೆ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಹೊತ್ತು ಹಿಡಿಯುತ್ತದೆ, ಸಿಇಟಿ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬಂದು ನಿಂತಾಗಲಂತೂ ಕೇಳುವುದೇ ಬೇಡ. ಅರ್ಜಿ ಕೊಟ್ಟ ರಸೀದಿಯನ್ನು ಜೋಪಾನ ಮಾಡು.

ಅದೇ ದಿನ, ಅದೇ ನಾಡಕಚೇರಿಯಲ್ಲಿ, ಅಪ್ಪನ ಹೆಸರಿನ ವ್ಯತ್ಯಾಸವನ್ನೂ ಬಗೆಹರಿಸಿಕೋ. ಇದಕ್ಕೆ ನೀನು ಪಡುತ್ತಿರುವಷ್ಟು ಚಿಂತೆ ಬೇಕಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹೆಸರನ್ನೇ ಬುನಾದಿ ಎಂದು ಇಟ್ಟುಕೊಂಡು ಮಿಕ್ಕವನ್ನು ಅದಕ್ಕೆ ಹೊಂದಿಸಬೇಕು. ಅಂಕಪಟ್ಟಿಯನ್ನು ತಿದ್ದಿಸಲು ಹೊರಟರೆ ಹೈಸ್ಕೂಲಿನ ಮೂಲಕ ಪರೀಕ್ಷಾ ಮಂಡಳಿಯವರೆಗೆ ಹೋಗಬೇಕಾಗುತ್ತದೆ, ಅಷ್ಟು ಸಮಯ ನಿನಗಿಲ್ಲ. ಜಾತಿ ಪ್ರಮಾಣಪತ್ರಕ್ಕೆ ಹೊಸ ಅರ್ಜಿ ಹಾಕಿ, ಅಂಕಪಟ್ಟಿಯ ಜೆರಾಕ್ಸ್ ಲಗತ್ತಿಸಿ, ಅದರಲ್ಲಿರುವಂತೆಯೇ ಮನೆತನದ ಹೆಸರು ಸೇರಿಸಿ ಕೊಡಿ ಎಂದು ಕೇಳು. ಹೊಸ ಪ್ರಮಾಣಪತ್ರಕ್ಕೆ ಹೊಸ ಆರ್‌ಡಿ ಸಂಖ್ಯೆ ಬರುತ್ತದೆ. ಸಿಇಟಿ ಅರ್ಜಿಯಲ್ಲಿ ಹಾಕಬೇಕಾದದ್ದು ಆ ಸಂಖ್ಯೆಯನ್ನು, ಹಳೆಯದನ್ನಲ್ಲ. ಆರ್‌ಡಿ ಸಂಖ್ಯೆ ಒತ್ತಿದರೆ ಕಂದಾಯ ಇಲಾಖೆಯ ದಾಖಲೆ ತಾನೇ ತೆರೆದುಕೊಳ್ಳುತ್ತದೆ, ಒಂದು ಅಂಕಿ ತಪ್ಪಿದರೆ ಇನ್ಯಾರದೋ ದಾಖಲೆ ಬರುತ್ತದೆ. ಆಧಾರ್‌ನಲ್ಲಿ ನಿನ್ನ ಹೆಸರೂ ಹುಟ್ಟಿದ ದಿನವೂ ಅಂಕಪಟ್ಟಿಗೆ ಹೊಂದುತ್ತವೆಯೇ ಎಂಬುದನ್ನು ಆಗಲೇ ನೋಡಿಬಿಡು.

ಕನ್ನಡ ಮಾಧ್ಯಮದ ಪ್ರಮಾಣಪತ್ರ ಎರಡು ಶಾಲೆಗಳಿಂದಲೂ ಬೇಕು: ಒಂದರಿಂದ ಏಳಕ್ಕೆ ಊರಿನ ಶಾಲೆ, ಎಂಟರಿಂದ ಹತ್ತಕ್ಕೆ ಕೊಪ್ಪಳದ ಹೈಸ್ಕೂಲು. ನಿಗದಿತ ನಮೂನೆಯಲ್ಲಿ ಮುಖ್ಯಗುರುಗಳ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಅವರ ಸಹಿ ಮತ್ತು ಮೊಹರು. ವ್ಯಾಸಂಗ ಪ್ರಮಾಣಪತ್ರವನ್ನೂ ಜೊತೆಗೇ ತೆಗೆದುಕೋ. ಈಗ ಎಸ್‌ಎಟಿಎಸ್ ದಾಖಲೆಯಿಂದಲೇ ಎಷ್ಟೋ ವಿವರಗಳು ಕೆಇಎಗೆ ಸಿಗುತ್ತವೆ, ನಿಜ. ಆದರೆ ಕಂಪ್ಯೂಟರಿನಲ್ಲಿ ಏನಾದರೂ ತಪ್ಪಿದ್ದರೆ ಆಗ ಕಾಪಾಡುವುದು ಕೈಯಲ್ಲಿರುವ ಸಹಿ ಬಿದ್ದ ಕಾಗದ. ಹಳ್ಳಿ ಶಾಲೆಗಳಲ್ಲಿ ಮಗುವಿನ ಮಾಧ್ಯಮವನ್ನೋ ಹುಟ್ಟಿದ ದಿನವನ್ನೋ ತಪ್ಪಾಗಿ ತುಂಬಿಸಿದ್ದೂ ಉಂಟು. ನಿನ್ನ ಎಸ್‌ಎಟಿಎಸ್ ವಿವರವನ್ನು ಕಾಲೇಜಿನ ಕಚೇರಿಯಲ್ಲಿ ತೆಗೆಸಿ ಹತ್ತೂ ವರ್ಷದ್ದನ್ನು ಓದಿ ನೋಡು.

ಅರ್ಜಿಯನ್ನು ನೀನೇ ತುಂಬು. ಸೈಬರ್ ಸೆಂಟರಿನಲ್ಲಿ ತುಂಬಿದರೂ ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಓದು. ಮೊಬೈಲ್ ಸಂಖ್ಯೆ ನಿಮ್ಮ ಮನೆಯದ್ದೇ ಆಗಿರಬೇಕು. ಪಾಸ್‌ವರ್ಡ್ ನಿನ್ನ ನೋಟ್‌ಬುಕ್ಕಿನಲ್ಲಿರಲಿ, ಒಟಿಪಿ ಯಾರಿಗೂ ಹೇಳಬೇಡ. 2024ರಲ್ಲಿ ಸೀಟ್ ಬ್ಲಾಕಿಂಗ್ ದಂಧೆ ಬಯಲಿಗೆ ಬಂದು ಪೊಲೀಸರು ಹಲವರನ್ನು ಬಂಧಿಸಿದ್ದು ಪತ್ರಿಕೆಯಲ್ಲಿ ಬಂದಿತ್ತು. ಬೇರೆಯವರ ಲಾಗಿನ್ ಹಿಡಿದುಕೊಂಡು ಬೇಡಿಕೆಯ ಸೀಟುಗಳಿಗೆ ಆಯ್ಕೆ ನಮೂದಿಸಿ, ಕೊನೆಗೆ ಯಾರೂ ಸೇರದಂತೆ ಮಾಡುವ ಮೋಸ ಅದು. ‘ಎಲ್ಲ ನಾವೇ ಮಾಡಿಸಿಕೊಡುತ್ತೇವೆ’ ಎನ್ನುವವರು ಮೊದಲು ಕೇಳುವುದೇ ಲಾಗಿನ್ ಮತ್ತು ಒಟಿಪಿ. ಅರ್ಜಿಯಲ್ಲಿ 2ಎ, ಕನ್ನಡ ಮಾಧ್ಯಮ, 371ಜೆ ಮೂರಕ್ಕೂ ಹೌದು ಎಂದು ಗುರುತು ಹಾಕು, ಗ್ರಾಮೀಣಕ್ಕೆ ಇಲ್ಲ ಎಂದು ಹಾಕು. ಎಸ್‌ಎನ್‌ಕ್ಯೂ ಎಂದು ಕೇಳುವ ಕಡೆಯೂ ಹೌದು ಎನ್ನು. ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರುವ ಮನೆಯ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲದೆ ಕೊಡುವ ಶೇ 5ರ ಹೆಚ್ಚುವರಿ ಸೀಟು ಅದು.

ರ‍್ಯಾಂಕ್ ಬಂದ ಮೇಲೆ ಆಯ್ಕೆ ನಮೂದಿಸುವ ಘಟ್ಟ. ಎಲ್ಲರೂ ಎಡವುವುದು ಇಲ್ಲಿ. ‘ನಿನಗೆ ಯಾವುದು ಸಿಗುತ್ತದೋ ಅದನ್ನು ಮೊದಲು ಹಾಕು’ ಎಂದು ಹತ್ತು ಜನ ಹೇಳುತ್ತಾರೆ. ಕೇಳಬೇಡ. ಕಂಪ್ಯೂಟರ್ ನಿನ್ನ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ನಿನ್ನ ರ‍್ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಟ್ಟು ನಿಲ್ಲುತ್ತದೆ. ಮೇಲೆ ದೊಡ್ಡ ಆಸೆ ಬರೆದೆ ಎಂದು ಕೆಳಗಿನದು ಕೈತಪ್ಪುವುದಿಲ್ಲ, ಮೇಲೆ ಸಣ್ಣದನ್ನು ಬರೆದರೆ ಮಾತ್ರ ದೊಡ್ಡದು ಖಂಡಿತ ತಪ್ಪುತ್ತದೆ. ಆದ್ದರಿಂದ ಯುವಿಸಿಇಯಲ್ಲಿ ನಿನಗೆ ಬೇಕಾದ ಶಾಖೆ ಮೊದಲು, ಅಲ್ಲಿನ ಬೇರೆ ಶಾಖೆಗಳು ಆಮೇಲೆ, ಬಳಿಕ ನಿನಗೆ ಒಪ್ಪುವ ಸರ್ಕಾರಿ ಕಾಲೇಜುಗಳು. ದಾವಣಗೆರೆಯ ಯುಬಿಡಿಟಿ, ರಾಯಚೂರು, ಗಂಗಾವತಿ, ತಳಕಲ್, ಹಾವೇರಿ, ಹೂವಿನಹಡಗಲಿ, ಎಲ್ಲಿಗೆ ಹೋಗಲು ಸಿದ್ಧವಿದ್ದೀಯೋ ಅದನ್ನೆಲ್ಲ ಬರೆ. ಹೋಗಲಾರದ ಕಡೆಯದನ್ನು ಒಂದನ್ನೂ ಬರೆಯಬೇಡ.

ಮೊದಲು ಅಣಕು ಹಂಚಿಕೆ ನಡೆಯುತ್ತದೆ, ಅದರಲ್ಲಿ ಬಂದದ್ದು ಸೀಟಲ್ಲ. ಅದನ್ನು ನೋಡಿ ಪಟ್ಟಿಯನ್ನು ತಿದ್ದಿಕೊಳ್ಳಲು ಅವಕಾಶವಿರುತ್ತದೆ. ನಿಜವಾದ ಹಂಚಿಕೆ ಬಂದಾಗ ನಾಲ್ಕು ದಾರಿ. ಸಿಕ್ಕಿದ್ದೇ ಸಾಕು ಎಂದರೆ ಮೊದಲನೆಯದು, ಶುಲ್ಕ ಕಟ್ಟಿ ಪ್ರವೇಶಪತ್ರ ಇಳಿಸಿಕೊಂಡು ಹೇಳಿದ ದಿನದೊಳಗೆ ಮೂಲ ದಾಖಲೆಗಳೊಂದಿಗೆ ಕಾಲೇಜಿಗೆ ಹೋಗಿ ಸೇರಬೇಕು. ಸಿಕ್ಕಿದ್ದು ಇರಲಿ, ಪಟ್ಟಿಯಲ್ಲಿ ಅದಕ್ಕಿಂತ ಮೇಲಿನದು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಅದು ಬೇಕು ಎಂದರೆ ಎರಡನೆಯದು. ಮೇಲಿನದು ಸಿಕ್ಕಿದೊಡನೆ ಹಳೆಯದು ತಾನಾಗಿ ರದ್ದಾಗುತ್ತದೆ, ಆಮೇಲೆ ಅದನ್ನು ಮರಳಿ ಕೇಳುವಂತಿಲ್ಲ. ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತನ್ನೇ ನಂಬಿದರೆ ಮೂರನೆಯದು. ಸಿಇಟಿ ಸಹವಾಸವೇ ಸಾಕು ಎಂದರೆ ನಾಲ್ಕನೆಯದು. ಯುವಿಸಿಇಯ ಬೇರೆ ಶಾಖೆಯೋ ತಳಕಲ್ಲೋ ಸಿಕ್ಕಿತು ಎಂದಿಟ್ಟುಕೋ, ಆಗ ನಿನಗೆ ಎರಡನೆಯ ದಾರಿ. ಮೂರನೆಯದರ ತಂಟೆಗೆ ಹೋಗಬೇಡ, ಕೈಯಲ್ಲಿರುವುದೂ ಹೋಗಿ ಮುಂದಿನ ಸುತ್ತಿನಲ್ಲಿ ಏನೂ ಬಾರದೆ ಉಳಿದವರಿದ್ದಾರೆ. ಪ್ರತಿಯೊಂದು ಹಂತಕ್ಕೂ ಕೊನೆಯ ದಿನಾಂಕ, ಗಂಟೆ ಎರಡೂ ಇರುತ್ತವೆ. ಅದನ್ನು ಕೆಇಎ ಜಾಲತಾಣದಲ್ಲೇ ನೋಡು, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ನಂಬಬೇಡ.

ಅವ್ವನ ಮಾತಿಗೆ ಬರುತ್ತೇನೆ. ತಳಕಲ್ ಸರ್ಕಾರಿ ಇಂಜಿನಿಯರಿಂಗ್ ಕಾಲೇಜನ್ನು ಹೀನಾಯ ಮಾಡಬೇಡ. ನಿಮ್ಮ ಪಕ್ಕದ ಕುಕನೂರು ತಾಲ್ಲೂಕಿನಲ್ಲೇ ಇರುವುದು, ವಿಟಿಯು ಪದವಿಯೇ ಸಿಗುತ್ತದೆ, 371ಜೆಯ ಶೇ 70 ಪಾಲಿನಿಂದ ಸೀಟು ಸಿಗುವ ಸಂಭವವೂ ಹೆಚ್ಚು. ಯುವಿಸಿಇ ತಪ್ಪಿದರೆ ಅಲ್ಲಿ ಸೇರಿ ಚೆನ್ನಾಗಿ ಓದು. ಆದರೆ ರ‍್ಯಾಂಕ್ ಬಂದು ಯುವಿಸಿಇ ಸಿಕ್ಕರೆ ಅದನ್ನು ಬಿಡಬಾರದು ಎಂಬುದು ನನ್ನ ಖಚಿತ ಮಾತು. ನೂರು ವರ್ಷ ದಾಟಿದ ಸಂಸ್ಥೆ, ನಗರದ ನಡುವೆ ಕೆ.ಆರ್. ವೃತ್ತದಲ್ಲಿದೆ, ಕಂಪನಿಗಳು ಹುಡುಕಿಕೊಂಡು ಬರುತ್ತವೆ, ಮುಂದೆ ಓದುವ ಮನಸ್ಸಾದರೆ ಐಐಎಸ್‌ಸಿ ಅದೇ ಊರಿನಲ್ಲಿದೆ.

ಅವ್ವ ಬೇಡ ಎನ್ನುವುದು ಓದನ್ನಲ್ಲ, ದೂರವನ್ನು. ಮಗಳು ಎಲ್ಲಿ ಉಳಿಯುತ್ತಾಳೆ, ಏನು ತಿನ್ನುತ್ತಾಳೆ, ದುಡ್ಡು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಉತ್ತರ ಸಿಕ್ಕರೆ ಅವಳ ಮನಸ್ಸು ಕರಗುತ್ತದೆ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗಳು ಬೆಂಗಳೂರಿನಲ್ಲಿವೆ, ಪ್ರವೇಶ ಸಿಕ್ಕ ಕೂಡಲೇ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹಾಸ್ಟೆಲ್ ಸಿಗದವರಿಗೆ ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆ ಇದೆ. ವಿದ್ಯಾರ್ಥಿವೇತನಕ್ಕೂ ಶುಲ್ಕ ಮರುಪಾವತಿಗೂ ಎಸ್‌ಎಸ್‌ಪಿ ಪೋರ್ಟಲ್. ಈ ಹಣ ಬರುವುದು ಆಧಾರ್ ಜೋಡಿಸಿದ ನಿನ್ನ ಬ್ಯಾಂಕ್ ಖಾತೆಗೆ, ಹಾಗಾಗಿ ಖಾತೆ ಈಗಲೇ ನಿನ್ನ ಹೆಸರಿನಲ್ಲಿರಲಿ, ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸು. ನಿಮ್ಮ ಕಡೆಯ ಹುಡುಗಿಯರು ಯಾರಾದರೂ ಈಗಾಗಲೇ ಬೆಂಗಳೂರಿನ ಸರ್ಕಾರಿ ಹಾಸ್ಟೆಲ್‌ನಲ್ಲಿದ್ದರೆ ಅವರ ತಾಯಿಯ ಜೊತೆ ಅವ್ವನನ್ನು ಒಮ್ಮೆ ಮಾತಾಡಿಸು. ನೀನು ಎಷ್ಟು ಹೇಳಿದರೂ ಆಗದ ಕೆಲಸ ಇನ್ನೊಬ್ಬ ತಾಯಿಯ ಎರಡು ಮಾತಿನಿಂದ ಆಗುತ್ತದೆ. ಸೇರುವ ದಿನ ಅಪ್ಪನ ಜೊತೆ ಅವ್ವನೂ ಬೆಂಗಳೂರಿಗೆ ಬರಲಿ, ಮಗಳು ಮಲಗುವ ಕೋಣೆಯನ್ನು ಕಣ್ಣಾರೆ ನೋಡಲಿ.

ಕೊನೆಗೊಂದು ಮಾತು, ಇದು ಈ ಅಂಕಣ ಓದುವ ಮುಖ್ಯಗುರುಗಳಿಗೆ, ಬಿಇಒ ಕಚೇರಿಯವರಿಗೆ, ನಾಡಕಚೇರಿಯ ಸಿಬ್ಬಂದಿಗೆ. ಸಿಇಟಿ ಅರ್ಜಿಯ ತಿಂಗಳಲ್ಲಿ ನಿಮ್ಮ ಮೇಜಿನ ಮುಂದೆ ಇಂಥ ಮಕ್ಕಳು ಬಂದು ನಿಲ್ಲುತ್ತಾರೆ. ಒಂದು ಸಹಿಗಾಗಿ ಬಂದ ಮಗುವಿನ ಜೊತೆ ಅಪ್ಪನದೋ ಅವ್ವನದೋ ಒಂದು ದಿನದ ಕೂಲಿಯೂ ಹೋಗಿರುತ್ತದೆ. ‘ನಾಳೆ ಬಾ’ ಎನ್ನಬೇಡಿ. ನಮೂನೆ ತಪ್ಪಿದ್ದರೆ ಸರಿಯಾದದ್ದು ಯಾವುದೆಂದು ಅಲ್ಲೇ ತೋರಿಸಿ, ಸರಿಯಿದ್ದರೆ ಅವತ್ತೇ ಸಹಿ ಹಾಕಿ ಕಳಿಸಿಕೊಡಿ.